ಕೊನೆಯ ಹಾಲುಹಲ್ಲು

ನಮ್ಮೂರಿನ ಮಕ್ಕಳ ಬಾಯಿ ನೋಡುವುದು ನನ್ನ ಕೆಲಸ. ಇಪ್ಪತ್ತಾರು ವರ್ಷಗಳಿಂದ ನೋಡುತ್ತಿದ್ದೇನೆ. ದಾರಿಯಲ್ಲಿ ಎದುರಾದ ಮಗುವಿನ ಹೆಸರು ನನಗೆ ಥಟ್ಟನೆ ನೆನಪಾಗದೆ ಹೋಗಬಹುದು. ಆದರೆ ಅದು ಒಮ್ಮೆ ನಕ್ಕರೆ ಸಾಕು, ಯಾರ ಮನೆಯದು, ಇನ್ನೆಷ್ಟು ಹಾಲುಹಲ್ಲು ಉಳಿದಿವೆ, ಯಾವುದು ಈ ವಾರ ಉದುರುತ್ತದೆ ಎಂದು ಹೇಳಿಬಿಡುತ್ತೇನೆ. ದೊಡ್ಡವರು ನನ್ನನ್ನು ದಾಕ್ಷಾಯಣಿ ಎಂದು ಕರೆಯುತ್ತಾರೆ, ಮಕ್ಕಳು ಹಲ್ಲಕ್ಕ ಅನ್ನುತ್ತಾರೆ. ಎರಡನೆಯದಕ್ಕೇ ನಾನು ಬೇಗ ಓಗೊಡುತ್ತೇನೆ.

ಮೊದಲ ಹಲ್ಲು ಮೂಡಿದ ದಿನದಿಂದ ಕೊನೆಯ ಹಾಲುಹಲ್ಲು ಬೀಳುವ ದಿನದವರೆಗೆ ನಮ್ಮ ಕೆರೆ ಯಾವ ಮಗುವನ್ನೂ ಮುಳುಗಿಸುವುದಿಲ್ಲ. ಬಟ್ಟೆ ಒಗೆಯಲು ಬಂದ ತಾಯಂದಿರು ಕೂಸುಗಳ ಸೊಂಟಕ್ಕೆ ಹಗ್ಗ ಕಟ್ಟಿ ನೀರಿನ ಮೇಲೆ ಆಡಲು ಬಿಡುತ್ತಾರೆ. ಹಗ್ಗ ಇರುವುದು ದೂರ ಹೋಗದಿರಲಿ ಎಂದು, ಅಷ್ಟೆ. ಸ್ವಲ್ಪ ದೊಡ್ಡವು ಕೆರೆಯ ಮೇಲೇ ಚಕ್ಕಳಮಕ್ಕಳ ಹಾಕಿ ಕೂತು, ಕೂತಲ್ಲಿಂದಲೇ ನೀರು ಮೊಗೆದು ಸ್ನಾನ ಮಾಡುತ್ತವೆ. ಹನ್ನೊಂದೋ ಹನ್ನೆರಡೋ ವರ್ಷಕ್ಕೆ ಕೊನೆಯ ಹಲ್ಲು ಬಿದ್ದಾಗ ಮನೆಯಲ್ಲಿ ಪಾಯಸ ಮಾಡಿ, ಮಗುವಿನ ಕೈ ಹಿಡಿದು ಮೆಟ್ಟಿಲಿನಿಂದ ನೀರಿಗೆ ಇಳಿಸುತ್ತಾರೆ. ಕಾಲು ಮೊದಲ ಸಲ ಒಳಗೆ ಹೋಗುತ್ತದೆ. ಮಗು ಕಿರುಚುತ್ತದೆ, ಎಲ್ಲರೂ ನಗುತ್ತಾರೆ. ಇದಕ್ಕೆ ಕಾಲಿಳಿಸುವುದು ಅನ್ನುತ್ತೇವೆ. ನಾನು ಲೆಕ್ಕವಿಲ್ಲದಷ್ಟು ಕಾಲಿಳಿಸುವ ಪಾಯಸ ಉಂಡಿದ್ದೇನೆ.

ಓಟದ ಮಕ್ಕಳಿಗೆ ಮಾತ್ರ ಈ ಪಾಯಸವಿಲ್ಲ. ಅವರ ಹಲ್ಲು ಬಿದ್ದ ದಿನ ಮನೆಯಲ್ಲಿ ಸಾವಾದ ಹಾಗೆ ಇರುತ್ತದೆ.

ವರ್ಷಕ್ಕೊಮ್ಮೆ ಸುತ್ತಲಿನ ಏಳು ಊರಿನ ಮಕ್ಕಳು ಕೆರೆಯ ಆಚೆ ದಡದ ಕಲ್ಲುಮಂಟಪದಿಂದ ನಮ್ಮ ಮೆಟ್ಟಿಲಿನವರೆಗೆ ನೀರಿನ ಮೇಲೆ ಓಡುತ್ತಾರೆ. ಗೆದ್ದವರ ಹೆಸರನ್ನು ಮೆಟ್ಟಿಲಿನ ಕಲ್ಲಿನ ಮೇಲೆ ಕೆತ್ತುತ್ತಾರೆ. ಈ ಒಂದು ಸಾಲು ಅಕ್ಷರಕ್ಕಾಗಿ ಐದು ವರ್ಷದ ಕೂಸುಗಳನ್ನು ತಂದು ಬಸವಂತಪ್ಪ ಮೇಷ್ಟ್ರ ತಾಲೀಮು ಮನೆಗೆ ಬಿಡುತ್ತಾರೆ. ಚಿಕ್ಕವು ಹಗುರ, ಆದರೆ ಕಾಲಿನಲ್ಲಿ ಕಸುವಿರುವುದಿಲ್ಲ. ಕಸುವು ಬರುವ ಹೊತ್ತಿಗೆ ಹಲ್ಲು ಅಲುಗಲು ಶುರುವಾಗುತ್ತದೆ. ಹಾಗಾಗಿ ತಾಲೀಮು ಮನೆಯ ವಿದ್ಯೆಯೆಲ್ಲ ಇರುವುದು ಹಲ್ಲು ಉಳಿಸುವುದರಲ್ಲಿ. ಅಲ್ಲಿ ಮೂರು ಹೊತ್ತೂ ಗಂಜಿ, ಅಂಬಲಿ, ಹಿಸುಕಿದ ಬಾಳೆಹಣ್ಣು. ಕಬ್ಬಿಲ್ಲ, ಚಕ್ಕುಲಿಯಿಲ್ಲ, ಹುರಿಗಡಲೆಯ ಹೆಸರೆತ್ತುವ ಹಾಗಿಲ್ಲ. ಕೆನ್ನೆ ಒತ್ತಬಾರದೆಂದು ಅಂಗಾತ ಮಲಗಬೇಕು. ಓಡುವಾಗ ಹಲ್ಲು ಕಚ್ಚಬಾರದು, ಬಾಯಿ ತೆರೆದೇ ಓಡಬೇಕು. ಹೊಡೆದಾಟ ಬಂದರೂ ತುಟಿ ಬಿಗಿದು ಹೊಡೆದಾಡುವ ಮಕ್ಕಳು ಅವು. ಏಳು ಊರಿನಲ್ಲೂ ಇನ್ನೊಂದು ಕಟ್ಟಳೆಯಿದೆ: ಯಾರೂ ಈಜು ಕಲಿಯಬಾರದು. ಈಜು ಬಂದವರನ್ನು ಕೆರೆ ನಂಬುವುದಿಲ್ಲ, ಎತ್ತಿ ಹಿಡಿಯುವುದಿಲ್ಲ ಎಂದು ಹಿಂದಿನವರು ಹೇಳಿಹೋಗಿದ್ದಾರೆ. ಪರೀಕ್ಷಿಸಿ ನೋಡಿದವರು ಯಾರೂ ಇಲ್ಲ.

ಓಟಕ್ಕೆ ಮುಂಚೆ ಪ್ರತಿ ಮಗುವಿನ ಹಲ್ಲನ್ನು ನಾನು ಬೆರಳಿನಿಂದ ಮುಟ್ಟಿ ನೋಡಬೇಕು. ಅಲುಗದಿದ್ದರೆ ಗಲ್ಲದ ಮೇಲೆ ನೇರಳೆ ಶಾಯಿಯ ಚುಕ್ಕೆ ಇಡುತ್ತೇನೆ. ಅಲುಗಿದರೆ ಇಲ್ಲ. ತಂತಿ ಕಟ್ಟಿದ ಹಲ್ಲು ನಿಯಮದ ಪ್ರಕಾರ ನಡೆಯುವುದಿಲ್ಲ, ಆದರೆ ಕಟ್ಟುತ್ತಾರೆ. ಮೇಷ್ಟ್ರು ಕಟ್ಟುವ ಹಿತ್ತಾಳೆ ತಂತಿ ಹತ್ತು ಹದಿನೈದು ದಿನ ತಡೆಯುತ್ತದೆ. ಎಷ್ಟೋ ಸಲ ನೋಡಿಯೂ ನೋಡದ ಹಾಗೆ ಚುಕ್ಕೆ ಇಟ್ಟಿದ್ದೇನೆ. ಆರು ವರ್ಷದ ಹಿಂದೆ ನಾನು ಚುಕ್ಕೆ ಇಟ್ಟ ಶರಾವತಿ ಅನ್ನುವ ಹುಡುಗಿ ನಡುಗೆರೆಯಲ್ಲಿ ಮುಳುಗಿದಳು. ಹರಿಗೋಲಿನವರು ಎತ್ತಿದರು, ಜೀವ ಉಳಿಯಿತು. ಈಗ ದರ್ಜಿ ಅಂಗಡಿಯಲ್ಲಿ ಕೂತು ಕಾಜಾ ಹೊಲಿಯುತ್ತಾಳೆ. ಯಾರಾದರೂ ಪಕ್ಕದಲ್ಲಿ ನಿಂತು ಕೈ ಹಿಡಿಯದೆ ಇದ್ದರೆ ಇವತ್ತಿಗೂ ಅವಳಿಗೆ ಮುಖ ತೊಳೆಯಲು ಆಗುವುದಿಲ್ಲ. ಆ ದಾರಿಯಲ್ಲಿ ನಾನು ಓಡಾಡುವುದನ್ನು ಬಿಟ್ಟಿದ್ದೇನೆ.

ಈ ಸಲ ನಮ್ಮೂರಿನ ಆಸೆಯೆಲ್ಲ ಅಂಬುಜಾಳ ಮೇಲಿತ್ತು. ವಯಸ್ಸು ಹನ್ನೊಂದು, ಕೊಕ್ಕರೆಯ ಹಾಗೆ ಉದ್ದ ಕಾಲು, ಮಾತು ಹೆಚ್ಚು. ಬಾಯಲ್ಲಿ ಉಳಿದದ್ದು ಒಂದೇ ಹಾಲುಹಲ್ಲು, ಕೆಳಗೆ ಎಡಗಡೆಯ ದವಡೆಯದು. ಓಟಕ್ಕೆ ಮೂರು ದಿನ ಇರುವಾಗ ಬೆಳಿಗ್ಗೆ ತಾಲೀಮು ಮನೆಯ ಜಗಲಿಯಲ್ಲಿ ಅವಳ ಬಾಯಿ ತೆರೆಸಿದೆ. ಬೆರಳು ಇಡುವುದೇ ತಡ, ಹಲ್ಲು ಒಂದು ಕಡೆಗೆ ವಾಲಿತು.

"ಅಲುಗ್ತಿದೆಯಾ?" ಅಂದರು ಪಕ್ಕದಲ್ಲಿದ್ದ ಮೇಷ್ಟ್ರು.

"ಅಲುಗ್ತಿದೆ ಮೇಷ್ಟ್ರೇ. ನಾಲಿಗೇಲಿ ತಳ್ಳಿದ್ರೂ ಬಿದ್ದೋಗುತ್ತೆ."

"ಮೂರು ದಿನ ತಡೆದ್ರೆ ಸಾಕು."

"ಹಲ್ಲಿಗೆ ಓಟದ ತಾರೀಕು ಗೊತ್ತಿರಲ್ಲ."

ಮೇಷ್ಟ್ರು ಕೆಟ್ಟವರಲ್ಲ. ಇದನ್ನು ಹೇಳಲೇಬೇಕು. ಮಕ್ಕಳಿಗೆ ಜ್ವರ ಬಂದರೆ ತಾವೇ ಕೂತು ಕಷಾಯ ಕುಡಿಸುತ್ತಾರೆ, ಎಲ್ಲರ ತಲೆಗೂ ತಾವೇ ಎಣ್ಣೆ ಹಚ್ಚುತ್ತಾರೆ. ಆದರೆ ಹನ್ನೊಂದು ವರ್ಷದಿಂದ ನಮ್ಮೂರಿನ ಒಂದು ಹೆಸರೂ ಮೆಟ್ಟಿಲಿಗೆ ಏರಿರಲಿಲ್ಲ. ಅವರು ಒಳಗೆ ಹೋಗಿ ತಂತಿ ತಂದರು. ಅಂಬುಜಾ ತಾನಾಗಿಯೇ ಬಾಯಿ ತೆರೆದಳು. ತಂತಿ ಬಿಗಿಯುವಾಗ ಅವಳ ಕಣ್ಣಿನ ಮೂಲೆಯಿಂದ ನೀರು ಕಿವಿಗೆ ಇಳಿಯಿತು, ಬಾಯಿ ಮಾತ್ರ ಅಲ್ಲಾಡಲಿಲ್ಲ. ಅಷ್ಟು ಚೆನ್ನಾಗಿ ಕಲಿಸಿದ್ದಾರೆ. ನನಗೆ ಸಿಟ್ಟು ಬರಬೇಕಿತ್ತು. ಬಂದದ್ದು ಸುಸ್ತು.

ಓಟದ ದಿನ ಬೆಳಿಗ್ಗೆ ನಾನು ಶಾಯಿಯ ಭರಣಿ ಹಿಡಿದು ಮೆಟ್ಟಿಲಿನ ಮೇಲೆ ಕೂತಿದ್ದೆ. ಅಂಬುಜಾಳನ್ನು ಕರೆದುಕೊಂಡು ಅವಳ ತಾಯಿ ವನಜಾಕ್ಷಿ ಬಂದಳು. ವನಜಾಕ್ಷಿಯೂ ತಾಲೀಮು ಮನೆಯವಳೇ. ಓಟಕ್ಕೆ ಆಯ್ಕೆ ಮಾಡುವ ಹಿಂದಿನ ದಿನ ಅವಳ ಕೊನೆಯ ಹಲ್ಲು ಗಂಜಿಯ ಬಟ್ಟಲಿಗೆ ಬಿದ್ದಿತ್ತು. ಆ ಬಟ್ಟಲಿನಿಂದ ಅವಳು ಇನ್ನೂ ಎದ್ದು ಬಂದಿಲ್ಲ.

"ಚುಕ್ಕೆ ಇಡಿ ದಾಕ್ಷಾಯಣಮ್ಮ," ಅಂದಳು.

"ತಂತಿ ಕಟ್ಟಿದೆ ವನಜಾಕ್ಷಿ. ಹಿತ್ತಾಳೆ. ನಡುವೆ ಬಿಟ್ಟುಹೋದ್ರೆ?"

"ಯಾರಿಗೆ ಕಟ್ಟಿಲ್ಲ ಹೇಳಿ? ಏಳು ಊರಲ್ಲೂ ಕಟ್ತಾರೆ. ಅವಳು ಬಾಯಿ ತೆರ್ಕೊಂಡೇ ಓಡ್ತಾಳೆ, ಕಚ್ಚಲ್ಲ."

"ಶರಾವತಿ ತಾಯೀನೂ ಹಿಂಗೇ ಅಂದಿದ್ಲು."

ವನಜಾಕ್ಷಿ ಮುಖ ತಿರುಗಿಸಿದಳು. "ನಿಮ್ಗೆ ಮಕ್ಳಿಲ್ಲ ದಾಕ್ಷಾಯಣಮ್ಮ. ಅದಕ್ಕೇ ಬಾಯಿ ನೋಡೋದು ಸುಲಭ ನಿಮ್ಗೆ."

ಈ ಮಾತನ್ನು ನಾನು ಎಷ್ಟು ತಾಯಂದಿರಿಂದ ಕೇಳಿದ್ದೇನೋ. ಈಗ ಚುಚ್ಚುವುದೂ ಇಲ್ಲ. ನಾನು ಶಾಯಿಯ ಭರಣಿ ಮುಚ್ಚಿದೆ. ಆಗ ಅಂಬುಜಾ ನನ್ನ ಮುಂದೆ ಕುಕ್ಕರಗಾಲಿನಲ್ಲಿ ಕೂತು ಮೆಲ್ಲಗೆ ಅಂದಳು:

"ಬೇಡ ಅನ್ಬೇಡ ಹಲ್ಲಕ್ಕ. ಆರು ವರ್ಷ ಗಂಜಿ ಕುಡ್ದಿದೀನಿ. ಈಗ ಓಡ್ಲಿಲ್ಲ ಅಂದ್ರೆ ಆ ಗಂಜಿ ಎಲ್ಲ ಸುಮ್‌ಸುಮ್ನೆ ಕುಡ್ದಂಗಾಗಲ್ವಾ?"

"ಓಟ ಆದ್ಮೇಲೆ ಏನ್ ಮಾಡ್ತೀಯೆ?" ಅಂದೆ.

"ಕಡಲೆಬೀಜದ ಚಿಕ್ಕಿ ತಿಂತೀನಿ. ಕಟಕಟ ಅಂತ." ಸ್ವಲ್ಪ ಯೋಚಿಸಿ ಕೇಳಿದಳು, "ಹಲ್ಲಕ್ಕ, ಕಾಲು ನೀರೊಳಗೆ ಹೋದ್ರೆ ಹೆಂಗಿರುತ್ತೆ?"

"ನಂಗೊತ್ತಿಲ್ಲ ಕಣೆ."

ತಮಾಷೆ ಅಂದುಕೊಂಡು ನಕ್ಕಳು, ತುಟಿ ಬಿಡಿಸದೆ. ನಾನು ಭರಣಿ ಮತ್ತೆ ತೆರೆದು ಅವಳ ಗಲ್ಲಕ್ಕೆ ಚುಕ್ಕೆ ಇಟ್ಟೆ. ಇಟ್ಟವಳು ನಾನೇ. ಯಾರೂ ನನ್ನ ಕೈ ಹಿಡಿದು ಇಡಿಸಲಿಲ್ಲ.

ಅವಳಿಗೆ ಹೇಳಿದ್ದು ತಮಾಷೆಯಲ್ಲ. ಮೆಟ್ಟಿಲಿನ ಎಡಗಡೆ ಮೂರನೆಯ ಕಲ್ಲಿನ ಮೇಲೆ, ಜನರ ಕಾಲಿಗೆ ಸವೆದು ಹೋದ ಅಕ್ಷರದಲ್ಲಿ ನನ್ನ ಹೆಸರಿದೆ, ಎರಡು ಸಲ. ಆಗ ತಾಲೀಮು ಮನೆ ನಡೆಸುತ್ತಿದ್ದವರು ನಮ್ಮಪ್ಪ. ನನ್ನ ಕೊನೆಯ ಹಲ್ಲು ಅಲುಗಿದಾಗ ಅವರು ಅವ್ವನ ಕಾಲ್ಗೆಜ್ಜೆಯ ಬೆಳ್ಳಿಯಿಂದ ತಂತಿ ಎಳೆಸಿ, ತಮಗೆ ಮಾತ್ರ ಗೊತ್ತಿದ್ದ ಗಂಟು ಹಾಕಿ ಕಟ್ಟಿದರು. ಅದು ಹತ್ತು ದಿನಕ್ಕೆ ಬಿಡುವ ಗಂಟಾಗಿರಲಿಲ್ಲ. ಹನ್ನೆರಡಾಯಿತು, ಹದಿಮೂರಾಯಿತು, ನಾನು ದೊಡ್ಡವಳಾದೆ, ಕೆರೆ ನನ್ನನ್ನು ಹೊರುತ್ತಲೇ ಇತ್ತು. ಅಪ್ಪ ಮುಂದಿನ ವರ್ಷದ ಮಾತಾಡುತ್ತಿದ್ದರು, ಅದರ ಮುಂದಿನ ವರ್ಷದ್ದೂ. ಒಂದು ಬೆಳಿಗ್ಗೆ ನಾನು ಬೇರೆ ಮಗುವಿನ ಬಿದ್ದ ಹಲ್ಲೊಂದನ್ನು ತಂದು ಅವರ ಅಂಗೈಯಲ್ಲಿಟ್ಟು "ಬಿತ್ತಪ್ಪ" ಅಂದೆ. ಅವರು ಅದನ್ನೇ ನೋಡುತ್ತಾ ಕೂತರು, ಆ ದಿನ ಊಟ ಮಾಡಲಿಲ್ಲ. ನನ್ನ ಬಾಯಿ ತೆರೆಸಿ ನೋಡುವ ಧೈರ್ಯ ಅವರಿಗೆ ಬರಲಿಲ್ಲ.

ಆ ಹಲ್ಲು ಇನ್ನೂ ನನ್ನ ಬಾಯಲ್ಲಿದೆ. ನನಗೀಗ ನಲವತ್ತೊಂಬತ್ತು. ಆ ಕಡೆಯಿಂದ ನಾನು ಏನನ್ನೂ ಅಗಿದಿಲ್ಲ. ಎರಡು ವರ್ಷದಿಂದ ಅದು ಸಡಿಲವಾಗಿದೆ, ಒಸಡಿನಲ್ಲಿ ಕೀವಾಗುತ್ತದೆ, ತಂತಿಯೊಂದೇ ಹಿಡಿದುಕೊಂಡಿದೆ. ಕಿತ್ತುಹಾಕಬಹುದಿತ್ತು. ಅಪ್ಪನಿಗೆ ಹೇಳಿದ ಸುಳ್ಳನ್ನು ಬಾಯಿಂದ ತೆಗೆದು ನೋಡುವುದು ಬೇಡವಾಗಿತ್ತು, ಅಷ್ಟೆ. ಕೆರೆಯ ನೀರಿಗೆ ನಾನು ಅಂದಿನಿಂದ ಕಾಲಿಟ್ಟಿಲ್ಲ, ಸ್ನಾನಕ್ಕೂ ಬಾವಿಯ ನೀರು. ಊರಿನ ಬಾಯಿಯನ್ನೆಲ್ಲ ನೋಡುವವಳ ಬಾಯಿಯನ್ನು ಯಾರೂ ನೋಡುವುದಿಲ್ಲ ಎಂದೇ ಈ ಕೆಲಸ ಹಿಡಿದೆ. ಗುಟ್ಟು ನನ್ನ ಮಾನಕ್ಕಾಗಿ ಮಾತ್ರ ಅಲ್ಲ. ಹಾಲುಹಲ್ಲನ್ನು ಜೀವಮಾನವಿಡೀ ಕಟ್ಟಿಡಬಹುದು ಎಂದು ಈ ಊರಿಗೆ ತಿಳಿದರೆ, ಒಂದು ಮಗುವಿಗೂ ಕಾಲಿಳಿಸುವ ದಿನ ಬರುವುದಿಲ್ಲ.

ಮಂಟಪದಲ್ಲಿ ಕಹಳೆ ಊದಿದ್ದು ಬಿಸಿಲೇರಿದ ಮೇಲೆ. ನಾನು, ಮೇಷ್ಟ್ರು, ವನಜಾಕ್ಷಿ ಒಂದೇ ಮೆಟ್ಟಿಲಿನ ಮೇಲೆ ನಿಂತಿದ್ದೆವು. ದೂರದಲ್ಲಿ ಹದಿನಾಲ್ಕು ಚುಕ್ಕೆಗಳು ಹೊರಟವು. ಅವುಗಳ ಹಿಂದೆ, ನೂರು ಮಾರು ಬಿಟ್ಟು, ಎರಡು ಹರಿಗೋಲು. ಹತ್ತಿರ ಬಂದರೆ ಅಲೆಯೆದ್ದು ಮಕ್ಕಳು ಎಡವುತ್ತಾರೆ ಎಂದು ಈ ನಿಯಮ. ಅರ್ಧ ಕೆರೆ ದಾಟುವ ಹೊತ್ತಿಗೆ ಅಂಬುಜಾ ಎಲ್ಲರಿಗಿಂತ ಮುಂದಿದ್ದಳು. ಅವಳ ಪಾದ ನೀರನ್ನು ಮುಟ್ಟಿದ ಸದ್ದೇ ಬರುತ್ತಿರಲಿಲ್ಲ. ಚಂದ ಕಾಣುತ್ತಿತ್ತು. ಅದನ್ನೂ ಹೇಳಬೇಕು, ಚಂದವಿಲ್ಲದೆ ಇದ್ದಿದ್ದರೆ ಈ ಓಟ ಎಂದೋ ನಿಂತುಹೋಗುತ್ತಿತ್ತು.

ಮೆಟ್ಟಿಲಿಗೆ ಅರವತ್ತು ಮಾರು ಇದೆ ಅನ್ನುವಾಗ ಅವಳ ಹಿಂದಿನ ಹುಡುಗಿ ಒತ್ತಿಕೊಂಡು ಬಂದಳು. ವನಜಾಕ್ಷಿ ಕೈ ಬೀಸಿ ಮಗಳ ಹೆಸರು ಕೂಗಿದಳು. ಅಂಬುಜಾ ತಾಯಿಯನ್ನು ನೋಡಿದಳು. ಆಮೇಲೆ ಯಾವ ಮಗುವಾದರೂ ಮಾಡುವುದನ್ನು ಮಾಡಿದಳು: ಹಲ್ಲು ಕಚ್ಚಿ ಓಡಿದಳು.

ಮೂರು ಹೆಜ್ಜೆ ಇಟ್ಟಳು. ನಾಲ್ಕನೆಯದಕ್ಕೆ ಕೆರೆ ಬಾಗಿಲು ತೆರೆದ ಹಾಗೆ ಅವಳನ್ನು ಒಳಗೆ ತೆಗೆದುಕೊಂಡಿತು.

ಹಿಂದಿನ ಮಕ್ಕಳು ನಿಲ್ಲಲಾರದೆ ಅವಳ ಪಕ್ಕದಿಂದಲೇ ಓಡಿ ಬಂದರು. ಹರಿಗೋಲಿನವರು ಮಕ್ಕಳ ಗುಂಪನ್ನು ಬಳಸಿಕೊಂಡು ಬರಬೇಕಿತ್ತು. ಹರಿಗೋಲು ಅವಸರಕ್ಕೆ ಆಗುವ ದೋಣಿಯಲ್ಲ, ನಿಂತಲ್ಲೇ ಸುತ್ತುತ್ತದೆ. ಮೆಟ್ಟಿಲಿನ ಮೇಲೆ ಐನೂರು ಜನ ಇದ್ದರು, ಈಜು ಬಲ್ಲವರು ಒಬ್ಬರೂ ಇರಲಿಲ್ಲ. ಅಂಬುಜಾಳ ಕೈಯೊಂದು ಮೇಲೆ ಬಂತು. ಹೋಯಿತು.

ನಾನು ಯೋಚಿಸಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಯೋಚಿಸಿದೆ. ಒಂದು ಉಸಿರು ಎಳೆದು ಬಿಡುವಷ್ಟು ಹೊತ್ತು ಊರಿನ ಎಲ್ಲ ಮಕ್ಕಳ ಬಾಯಿಯೂ ನನ್ನ ಕಣ್ಣ ಮುಂದೆ ಬಂತು. ಆಮೇಲೆ ಸೀರೆಯನ್ನು ಮೊಣಕಾಲಿಗೆ ಎತ್ತಿ ಸಿಕ್ಕಿಸಿಕೊಂಡು ಕೊನೆಯ ಮೆಟ್ಟಿಲು ಇಳಿದೆ, ಕೆರೆಯ ಮೇಲೆ ಕಾಲಿಟ್ಟು ಓಡಿದೆ.

ಮಂಡಿನೋವಿನ ಹೆಂಗಸು ಓಡುವ ಓಟ ನೋಡುವಂಥದ್ದಲ್ಲ. ದಪ್ ದಪ್ ಎಂದು ಸದ್ದಾಗುತ್ತಿತ್ತು, ನೀರು ಹಳೆಯ ಚಾಪೆಯ ಹಾಗೆ ಕಾಲಡಿ ಬಗ್ಗುತ್ತಿತ್ತು. ಎದುರಿನಿಂದ ಬರುತ್ತಿದ್ದ ಮಕ್ಕಳು ನನ್ನನ್ನು ಕಂಡು ಬೆದರಿ ದಾರಿ ಬಿಟ್ಟವು. ಗುಳ್ಳೆ ಏಳುವಲ್ಲಿಗೆ ಹೋಗಿ ಬೋರಲು ಬಿದ್ದು, ಎರಡು ಕೈಯನ್ನೂ ಬಲವಂತವಾಗಿ ಒಳಗೆ ತೂರಿಸಿದೆ. ಜಡೆ ಸಿಕ್ಕಿತು. ಎಳೆದು ಮುಖ ಮೇಲೆ ತಂದೆ. ಅದಕ್ಕಿಂತ ಮೇಲೆ ಅವಳು ಬರಲಿಲ್ಲ, ಕೆರೆ ಬಿಡಲಿಲ್ಲ. ಅವಳು ನೀರೊಳಗೆ, ನಾನು ನೀರ ಮೇಲೆ. ಅವಳ ಗಲ್ಲವನ್ನು ಅಂಗೈಯಲ್ಲಿ ಎತ್ತಿಹಿಡಿದುಕೊಂಡು ಹಾಗೇ ಮಲಗಿದ್ದೆ. ನೇರಳೆ ಚುಕ್ಕೆ ಕರಗಿ ನನ್ನ ಬೆರಳಿಗೆ ಹತ್ತಿತ್ತು. ಅವಳು ಕೆಮ್ಮಿದಳು, ವಾಂತಿ ಮಾಡಿದಳು, ಕಣ್ಣು ತೆರೆದು ನನ್ನನ್ನು ನೋಡಿದಳು. ಹರಿಗೋಲು ಬರುವವರೆಗೆ ನಾನು ಆ ಗಲ್ಲವನ್ನು ಬಿಡಲಿಲ್ಲ.

ದಡಕ್ಕೆ ಬಂದಾಗ ವನಜಾಕ್ಷಿ ಮಗಳನ್ನು ಅಪ್ಪಿಕೊಂಡು ಕೆಳಗೆ ಕುಸಿದಳು. ಅವಳ ಬಾಯಿಂದ ಬರುತ್ತಿದ್ದುದು ಮಾತಲ್ಲ. ಅವಳ ಬಗ್ಗೆ ನನಗೆ ಇನ್ನು ಯಾವ ಸಿಟ್ಟೂ ಇಲ್ಲ. ಆದರೆ ಬಸವಂತಪ್ಪ ಮೇಷ್ಟ್ರು ಅಂಬುಜಾಳ ಕಡೆ ಒಂದು ಸಲ ನೋಡಿ, ಉಸಿರಿದೆ ಎಂದು ಖಾತ್ರಿ ಮಾಡಿಕೊಂಡು, ನೇರ ನನ್ನ ಹತ್ತಿರ ಬಂದರು. ಅವರ ಕಣ್ಣು ನನ್ನ ಬಾಯಿಯ ಮೇಲಿತ್ತು.

"ನಿಮ್ಮಪ್ಪ ಎಳೆಸಿದ್ದ ಬೆಳ್ಳಿ ತಂತೀನಾ?" ಅಂದರು, ದೇವರ ಮುಂದೆ ನಿಂತವರ ದನಿಯಲ್ಲಿ.

ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡೆ.

"ಮೂವತ್ತೆಂಟು ವರ್ಷ ಇದೆಯಲ್ಲ ದಾಕ್ಷಾಯಣಿ. ನಿಮ್ಮಪ್ಪ ಅದೆಂಥ ಗಂಟು ಹಾಕಿರ್ಬೋದು. ಆ ಗಂಟು ನಂಗೆ ಗೊತ್ತಿದ್ದಿದ್ರೆ ಇವತ್ತು ಈ ಮಗು ಮುಳುಗ್ತಾನೇ ಇರ್ಲಿಲ್ಲ."

ಅವರು ಅದನ್ನು ನಂಬಿ ಹೇಳಿದರು. ಅದೇ ಕಷ್ಟ. ಅವರ ಹಿಂದೆ ಜನ ಸೇರುತ್ತಿದ್ದರು. ಕಂಕುಳಲ್ಲಿ ಕೂಸನ್ನೆತ್ತಿಕೊಂಡ ಒಬ್ಬ ಸಣ್ಣ ಹೆಂಗಸು ಮುಂದೆ ಬಂದು, ನಾಚಿಕೊಂಡೇ ಕೇಳಿದಳು, "ಅಕ್ಕಾ, ಎಷ್ಟನೇ ವರ್ಷಕ್ಕೆ ಕಟ್ಟಿದ್ರೆ ಒಳ್ಳೇದು?" ಕೂಸಿಗೆ ಹುಟ್ಟಿದ್ದು ಎರಡೇ ಹಲ್ಲು. ನನ್ನನ್ನು ನೋಡಿ ಎರಡನ್ನೂ ತೋರಿಸಿ ನಗುತ್ತಿತ್ತು.

ನಾನು ನನ್ನ ಹೆಸರಿನ ಕಲ್ಲಿನ ಮೇಲೆ ಕೂತೆ. ಜೋಳಿಗೆಯಿಂದ ಇಕ್ಕಳ ತೆಗೆದೆ, ತಂತಿ ಕತ್ತರಿಸಲು ಇಟ್ಟುಕೊಂಡಿದ್ದದ್ದು. ಒದ್ದೆ ಕೈಗೆ ಹಿಡಿತ ಬರಲಿಲ್ಲ. "ಅಂಬು, ಬಾರೆ ಇಲ್ಲಿ," ಅಂದೆ. ತಾಯಿಯ ಸೆರಗು ಹೊದ್ದುಕೊಂಡೇ ಬಂದಳು. "ನನ್ನ ಬಾಯಿ ನೋಡು."

ಆರು ವರ್ಷ ಬಾಯಿ ತೋರಿಸಿದ ಮಗು ಅದು. ಹೇಗೆ ನೋಡಬೇಕು ಎಂದು ಅವಳಿಗೆ ಹೇಳಿಕೊಡಬೇಕಾಗಿರಲಿಲ್ಲ. ಗಲ್ಲ ಎತ್ತಿ ಬೆಳಕಿಗೆ ತಿರುಗಿಸಿದಳು, ಬೆರಳಿಟ್ಟು ಅಲುಗಿಸಿದಳು. ನಾನು ಹೇಳುವ ಧಾಟಿಯಲ್ಲೇ ಹೇಳಿದಳು: "ಅಲುಗ್ತಿದೆ."

"ಕಿತ್ತುಹಾಕು."

"ನೋವಾಗುತ್ತೆ ಹಲ್ಲಕ್ಕ."

"ಗೊತ್ತು ಕಣೆ. ಎಳಿ."

ಮೇಷ್ಟ್ರು ಬೇಡ ಬೇಡ ಅನ್ನುತ್ತಾ ಮುಂದೆ ಬಂದರು. ಅಷ್ಟರಲ್ಲಿ ಅವಳು ಎಳೆದಳು. ಬರುವಾಗ ಪಕ್ಕದ ಹಲ್ಲಿನ ಚೂರನ್ನೂ ಕಿತ್ತುಕೊಂಡು ಬಂತು. ನೋವಿಗೆ ನನ್ನ ಕಣ್ಣು ಕತ್ತಲಾಯಿತು, ಬಾಯಿ ತುಂಬ ರಕ್ತ. ಕಣ್ಣು ಬಿಟ್ಟಾಗ ಅಂಬುಜಾಳ ಅಂಗೈಯಲ್ಲಿ ಕಪ್ಪಗಾದ ಒಂದು ಸಣ್ಣ ಹಲ್ಲು, ಅದರ ಸುತ್ತ ಅವ್ವನ ಗೆಜ್ಜೆಯ ಬೆಳ್ಳಿ ಇತ್ತು. ಮೇಷ್ಟ್ರು ಅವಳ ಮುಂದೆ ಮಂಡಿಯೂರಿ ಕೂತು ಕೈ ಚಾಚಿದರು. "ಕೊಡಮ್ಮ ಇಲ್ಲಿ. ಗಂಟು ನೋಡಿ ಕೊಟ್ಬಿಡ್ತೀನಿ."

ಅಪ್ಪನ ಅಂಗೈಯೂ ಹೀಗೇ ಇತ್ತು.

ಅಂಬುಜಾ ಅವರನ್ನು ನೋಡಿದಳು, ನನ್ನನ್ನು ನೋಡಿದಳು. ಅವಳಿಗೆ ಅವರ ಮಾತು ಮೀರಿ ಅಭ್ಯಾಸವಿಲ್ಲ. ಎದ್ದು, ಮುಷ್ಟಿ ಬಿಗಿದುಕೊಂಡು ಮೆಟ್ಟಿಲಿಳಿದಳು. ಮುಳುಗಿ ಬಂದು ಅರ್ಧ ಗಂಟೆಯೂ ಆಗಿರಲಿಲ್ಲ, ನೀರಿನ ಅಂಚಿನಲ್ಲಿ ಅವಳ ಕಾಲು ನಿಂತುಹೋಯಿತು. ತಿರುಗಿ ನನ್ನತ್ತ ಕೈ ಚಾಚಿದಳು. ನಾನು ಎದ್ದು ಹೋಗಿ ಆ ಕೈ ಹಿಡಿದೆ. ಇಬ್ಬರೂ ಒಟ್ಟಿಗೆ ಎರಡು ಮೆಟ್ಟಿಲು ಕೆಳಗೆ ಕಾಲಿಟ್ಟೆವು. ಅವಳು ಬಗ್ಗಿ ನೀರೊಳಗೆ ಮುಷ್ಟಿ ಬಿಚ್ಚಿದಳು. ಬೆಳ್ಳಿ ಒಂದು ಸಲ ಮಿನುಗಿ ಕಲ್ಲಿನ ಸಂದಿಯಲ್ಲಿ ಆಳಕ್ಕೆ ಇಳಿದುಹೋಯಿತು.

ಮೇಷ್ಟ್ರು ಬೇರೆ ಗಂಟು ಹುಡುಕುತ್ತಾರೆ. ನನಗದು ಗೊತ್ತು, ಒಂದು ಹಲ್ಲು ಮುಳುಗಿದರೆ ಊರು ಬದಲಾಗುವುದಿಲ್ಲ. ಆ ಸಣ್ಣ ಹೆಂಗಸು ಆಗಲೇ ಪಕ್ಕಕ್ಕೆ ಸರಿದು ಕೂಸಿನ ಮುಖಕ್ಕೆ ಮುಖ ಕೊಟ್ಟು ನಿಂತಿದ್ದಳು. ಮುತ್ತಿಡುತ್ತಿದ್ದಳೋ, ಬಾಯಿ ತೆರೆಸಿ ನೋಡುತ್ತಿದ್ದಳೋ, ನಾನಿದ್ದಲ್ಲಿಗೆ ಕಾಣಲಿಲ್ಲ. ಶಾಯಿಯ ಭರಣಿ ಮೇಲಿನ ಮೆಟ್ಟಿಲಿನ ಮೇಲೆಯೇ ಇತ್ತು. ನಾಳೆಯಿಂದ ಯಾರಾದರೂ ತೆಗೆದುಕೊಳ್ಳಲಿ, ನಾನಂತೂ ಮುಟ್ಟುವುದಿಲ್ಲ.

ಅಂಬುಜಾ ನನ್ನ ಕೈಯನ್ನು ಇನ್ನೂ ಬಿಟ್ಟಿರಲಿಲ್ಲ. ಅವಳ ಹಲ್ಲು ಒಂದರ ಮೇಲೊಂದು ಕಟಕಟ ಬಡಿಯುತ್ತಿದ್ದವು, ಕಚ್ಚಬೇಡ ಎಂದು ಹೇಳುವವರು ಯಾರೂ ಇರಲಿಲ್ಲ.

"ಈಗ ಹೇಳು ಹಲ್ಲಕ್ಕ," ಅಂದಳು. "ಹೆಂಗಿದೆ?"

ನಾನು ಕೆಳಗೆ ನೋಡಿದೆ. ನನ್ನ ಎರಡು ಪಾದಗಳು ನೀರಿನ ಕೆಳಗೆ, ಕಲ್ಲಿನ ಮೇಲೆ, ಬೇರೆ ಯಾರವೋ ಎಂಬಂತೆ ಬೆಳ್ಳಗೆ ಕಾಣುತ್ತಿದ್ದವು. ನೀರು ಮೊಣಕಾಲಿನವರೆಗೂ ಇತ್ತು. ಬಾಯಿ ತುಂಬ ರಕ್ತವಿದ್ದುದರಿಂದ ಮಾತು ಸರಿಯಾಗಿ ಬರಲಿಲ್ಲ, ಆದರೂ ಹೇಳಿದೆ.

"ತಣ್ಣಗಿದೆ ಕಣೆ."